ಅಮೆರಿಕದ ಬಡವರು ಟ್ರಂಪ್‌ಗೆ ಯಾಕೆ ಓಟು ಹಾಕಿದರು ಅಂತ ಕೇಳುವ ಮುಂಚೆ

ಮಾನ್ಯ ಸಂಪಾದಕರೇ,

ನಿಮ್ಮ ವಿದೇಶ ಪುಟದಲ್ಲಿ ಅಮೆರಿಕದ ಸುದ್ದಿಗೆ ಕೊರತೆ ಇಲ್ಲ. ಟ್ರಂಪ್ ಯಾರನ್ನು ಬೈದರು, ಯಾವ ದೇಶಕ್ಕೆ ಎಷ್ಟು ಸುಂಕ ಹಾಕಿದರು, ಎಚ್-1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ಯಾರಿಗೆಲ್ಲ ತಟ್ಟುತ್ತದೆ, ಎಲ್ಲ ಬರುತ್ತದೆ. ಬರಲಿ, ನಮ್ಮೂರಿನ ಮಕ್ಕಳು ಅಲ್ಲಿದ್ದಾರೆ. ಆದರೆ ಈಚೆಗೆ ನೀವು ಹಾಕಿದ ಒಂದು ಲೇಖನ ಓದಿ ಸುಮ್ನೆ ಇರಲಾಗಲಿಲ್ಲ. ಅಮೆರಿಕದ ಬಡ ಕೆಲಸಗಾರ ತನ್ನ ಹೊಟ್ಟೆಪಾಡು ಮರೆತು ಬಣ್ಣ, ಧರ್ಮ, ವಲಸಿಗರ ಮೇಲಿನ ಸಿಟ್ಟಿಗೆ ಓಟು ಹಾಕುತ್ತಾನೆ ಅನ್ನುವುದು ಅದರ ತಿರುಳು. ಆ ಸಿಟ್ಟು ಸುಳ್ಳಲ್ಲ. ಆದರೆ ಹೊಟ್ಟೆಪಾಡು ಮರೆತಿದ್ದಾನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

2020ರ ನವೆಂಬರ್‌ನಲ್ಲಿ ಫ್ಲಾರಿಡಾದ ಜನ ಒಂದೇ ಮತಪತ್ರದಲ್ಲಿ ಎರಡು ಕೆಲಸ ಮಾಡಿದರು. ಮೇಲೆ ಟ್ರಂಪ್‌ರನ್ನು ಗೆಲ್ಲಿಸಿದರು. ಕೆಳಗೆ, ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಗಂಟೆಗೆ 15 ಡಾಲರ್‌ಗೆ ಏರಿಸಬೇಕು ಅನ್ನುವ ತಿದ್ದುಪಡಿಗೆ ಹೂಂ ಅಂದರು. ಆ ರಾಜ್ಯದ ಸಂವಿಧಾನ ತಿದ್ದಲು ಶೇ 60ರಷ್ಟು ಓಟು ಬೇಕು. ಅದೂ ಬಿತ್ತು. ಅದೇ ದಿನ ಅಲ್ಲಿ ಬೈಡನ್‌ಗೆ ಸಿಕ್ಕಿದ್ದು ಶೇ 48ಕ್ಕೂ ಕಡಿಮೆ. ಅಂದರೆ ಟ್ರಂಪ್‌ಗೆ ಒತ್ತಿದ ಲಕ್ಷಾಂತರ ಕೈಗಳೇ ಕೂಲಿ ಏರಿಕೆಗೂ ಒತ್ತಿವೆ. 2024ರಲ್ಲಿ ಮಿಸೌರಿಯಲ್ಲೂ ಇದೇ ಆಯಿತು. ಟ್ರಂಪ್ ಸುಲಭವಾಗಿ ಗೆದ್ದ ರಾಜ್ಯ ಅದು. 15 ಡಾಲರ್ ಕೂಲಿ ಮತ್ತು ಸಂಬಳ ಸಹಿತ ಕಾಯಿಲೆ ರಜೆ ಎರಡೂ ಜನರ ಓಟಿನಿಂದ ಪಾಸಾದವು. ಮರುವರ್ಷ ಅಲ್ಲಿನ ರಿಪಬ್ಲಿಕನ್ ಶಾಸಕರು, ಅಂದರೆ ಟ್ರಂಪ್ ಪಕ್ಷದವರೇ, ಕೂತು ಆ ರಜೆಯನ್ನು ರದ್ದು ಮಾಡಿದರು. ಬೆಲೆ ಏರಿದ ಹಾಗೆ ಕೂಲಿಯೂ ಏರಬೇಕು ಅನ್ನುವ ಸಾಲನ್ನೂ ಹೊಡೆದು ಹಾಕಿದರು. ಹೊಟ್ಟೆಪಾಡು ಮರೆತವರು ಯಾರು ಹೇಳಿ?

ಬೈಡನ್‌ರ ಡೆಮಾಕ್ರಟಿಕ್ ಪಕ್ಷದವರೇನು ಕಮ್ಮಿ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರ ಜುಲೈನಲ್ಲಿ ಗಂಟೆಗೆ 7.25 ಡಾಲರ್ ಆಯಿತು. ಆಮೇಲೆ ಒಂದು ಸೆಂಟ್ ಕೂಡ ಏರಿಲ್ಲ. ಬೆಲೆಗಳು ಏರಿದ್ದರಿಂದ ಆ ದುಡ್ಡಿನ ಬೆಲೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕರಗಿದೆ. ಹೋಟೆಲಿನಲ್ಲಿ ಟಿಪ್ಸ್ ನಂಬಿ ದುಡಿಯುವವರಿಗೆ ಮಾಲೀಕ ಕೊಡಲೇಬೇಕಾದ ಮೊತ್ತ 2.13 ಡಾಲರ್, ಅದು 1991ರಿಂದ ಅಲ್ಲೇ ನಿಂತಿದೆ. ಹಲವು ರಾಜ್ಯಗಳು ತಾವೇ ಜಾಸ್ತಿ ಮಾಡಿಕೊಂಡಿವೆ, ನಿಜ. ಆದರೆ ದಕ್ಷಿಣದ ಬಹುಪಾಲು ಬಡ ರಾಜ್ಯಗಳಲ್ಲಿ ಆ ಹಳೆಯ ದರವೇ ಗತಿ. 2021ರ ಮಾರ್ಚ್‌ನಲ್ಲಿ ಕೇಂದ್ರದ ಕನಿಷ್ಠ ಕೂಲಿಯನ್ನು 15 ಡಾಲರ್‌ಗೆ ಏರಿಸುವ ಪ್ರಸ್ತಾಪವನ್ನು ಸೆನೆಟರ್ ಬರ್ನಿ ಸ್ಯಾಂಡರ್ಸ್ ಸೆನೆಟ್‌ಗೆ ತಂದರು. 42–58ರಲ್ಲಿ ಬಿದ್ದುಹೋಯಿತು. ಬೀಳಿಸಿದವರಲ್ಲಿ ಡೆಮಾಕ್ರಟಿಕ್ ಕಡೆಯ 8 ಮಂದಿ ಇದ್ದರು.

ಆಗ ಟಿವಿಗಳಲ್ಲಿ ಏನು ಓಡಿತು ಗೊತ್ತಾ? ಆ ಎಂಟು ಮಂದಿಯಲ್ಲಿ ಒಬ್ಬರಾದ ಕರ್ಸ್ಟನ್ ಸಿನೆಮಾ ಅನ್ನುವ ಸೆನೆಟರ್ ಹೆಬ್ಬೆರಳು ಕೆಳಗೆ ಮಾಡಿ 'ಬೇಡ' ಅಂದ ಭಂಗಿ. ಹಾಗೆ ಮಾಡಿದ್ದು ಸರಿಯಾ, ತಪ್ಪಾ, ಅಹಂಕಾರವಾ ಅಂತ ದಿನಗಟ್ಟಲೆ ಚರ್ಚೆ. 7.25 ಡಾಲರ್‌ನಲ್ಲಿ ತಿಂಗಳು ಕಳೆಯುವುದು ಹೇಗೆ ಅನ್ನುವ ಮಾತು ಹಿಂದೆ ಸರಿಯಿತು.

ಇಲ್ಲಿಗೆ ನನ್ನ ಮುಖ್ಯ ಮಾತು. ನಾವು ಅಮೆರಿಕವನ್ನು ನೋಡುವುದು ಅಲ್ಲಿನ ದೊಡ್ಡ ಮಾಧ್ಯಮಗಳ ಕಣ್ಣಿನಿಂದ. ನಿಮ್ಮ ಪುಟಕ್ಕೂ ಅಲ್ಲಿಂದಲೇ ಸುದ್ದಿ ಬರುತ್ತದೆ. ಆ ಕಣ್ಣು ಯಾರದು ಅಂತ ಮಾತ್ರ ನಾವು ಕೇಳುವುದಿಲ್ಲ.

ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಅಮೆಜಾನ್‌ನ ಜೆಫ್ ಬೆಜೋಸ್ 2013ರಲ್ಲಿ ಅದನ್ನು 25 ಕೋಟಿ ಡಾಲರ್‌ಗೆ ಕೊಂಡರು. ಈಗ ಅವರ ಆಸ್ತಿ 20,000 ಕೋಟಿ ಡಾಲರ್ ದಾಟಿದೆ. ಒಂದು ಕೋಟಿ ರೂಪಾಯಿ ಇರುವವನು 12,500 ರೂಪಾಯಿ ಕೊಟ್ಟು ಮೊಬೈಲ್ ಕೊಂಡ ಹಾಗೆ. ಮೊದಲ ಕೆಲವು ವರ್ಷ ಅವರು ಒಳ್ಳೆಯ ಮಾಲೀಕರೇ ಆಗಿದ್ದರು, ಅದನ್ನು ಹೇಳದಿದ್ದರೆ ಅನ್ಯಾಯ. ವರದಿಗಾರರನ್ನು ಸೇರಿಸಿಕೊಂಡರು, ಟ್ರಂಪ್ ಮೇಲಿನ ವರದಿಗಳಿಗೆ ಅಡ್ಡ ಬರಲಿಲ್ಲ. ಅದಕ್ಕೆ ಬೆಲೆಯೂ ತೆತ್ತಿರಬಹುದು. 2019ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್‌ನ 1,000 ಕೋಟಿ ಡಾಲರ್‌ನ ಕ್ಲೌಡ್ (ಕಂಪ್ಯೂಟರ್ ಸೇವೆ) ಗುತ್ತಿಗೆ ಅಮೆಜಾನ್ ಕೈ ತಪ್ಪಿ ಮೈಕ್ರೋಸಾಫ್ಟ್ ಪಾಲಾಯಿತು. ಬೆಜೋಸ್ ಮೇಲಿನ ಟ್ರಂಪ್ ಸಿಟ್ಟೇ ಇದಕ್ಕೆ ಕಾರಣ ಅಂತ ಅಮೆಜಾನ್ ಕೋರ್ಟಿಗೂ ಹೋಯಿತು.

ಆಮೇಲೆ 2024ರ ಅಕ್ಟೋಬರ್ ಬಂತು. ಸಂಪಾದಕೀಯ ಮಂಡಳಿ ಕಮಲಾ ಹ್ಯಾರಿಸ್ ಪರವಾಗಿ ಬರಹ ಸಿದ್ಧ ಮಾಡಿತ್ತು. ಚುನಾವಣೆಗೆ ಎರಡು ವಾರವೂ ಇಲ್ಲದಾಗ, ಈ ಸಲ ಯಾರಿಗೂ ಬೆಂಬಲ ಇಲ್ಲ ಅಂತ ಪತ್ರಿಕೆ ಘೋಷಿಸಿತು. ಅದೇ ದಿನ ಬೆಜೋಸ್‌ರ ರಾಕೆಟ್ ಕಂಪನಿ ಬ್ಲೂ ಒರಿಜಿನ್‌ನ ಮುಖ್ಯಸ್ಥರು ಟ್ರಂಪ್‌ರನ್ನು ಭೇಟಿಯಾದರು. ನಾಸಾದ ಚಂದ್ರಯಾನಕ್ಕಾಗಿ 340 ಕೋಟಿ ಡಾಲರ್ ಗುತ್ತಿಗೆ ಹಿಡಿದಿರುವ ಕಂಪನಿ ಅದು. ಎರಡಕ್ಕೂ ಸಂಬಂಧ ಇಲ್ಲ, ಆ ಭೇಟಿ ನನಗೆ ಮೊದಲೇ ಗೊತ್ತಿರಲಿಲ್ಲ ಅಂತ ಬೆಜೋಸ್ ಬರೆದರು. ಇರಬಹುದು. ನಂಬದ ಓದುಗರು ಚಂದಾ ಬಿಟ್ಟರು, ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ. ಇದರಲ್ಲೂ ಏಟು ಬಿದ್ದಿದ್ದು ಮಾಲೀಕರಿಗಲ್ಲ, ಪತ್ರಕರ್ತರಿಗೆ. 2025ರ ಜನವರಿಯಲ್ಲಿ, ಶ್ರೀಮಂತರು ಟ್ರಂಪ್ ಮುಂದೆ ಮಂಡಿಯೂರಿದ ವ್ಯಂಗ್ಯಚಿತ್ರವನ್ನು ಪತ್ರಿಕೆ ಹಾಕಲಿಲ್ಲ ಅಂತ ಚಿತ್ರಗಾರ್ತಿ ಆನ್ ಟೆಲ್ನಿಸ್ ರಾಜೀನಾಮೆ ಕೊಟ್ಟರು. ಫೆಬ್ರವರಿಯಲ್ಲಿ ಮಾಲೀಕರೇ ಹೇಳಿದರು: ಇನ್ನು ಅಭಿಪ್ರಾಯ ಪುಟದಲ್ಲಿ ವ್ಯಕ್ತಿ ಸ್ವಾತಂತ್ರ್ಯ ಮತ್ತು ಮುಕ್ತ ಮಾರುಕಟ್ಟೆಯ ಪರವಾಗಿಯೇ ಬರೆಯುತ್ತೇವೆ, ವಿರುದ್ಧ ಬರೆಯುವವರು ಬೇರೆ ಕಡೆ ಬರೆಯಲಿ. ಆ ಪುಟದ ಸಂಪಾದಕರೂ ಹೊರಟರು.

ಹಣ ಅಂದ್ರೆ ಹೆಣವೂ ಬಾಯಿ ಬಿಡುತ್ತೆ ಅಂತೀವಿ. ಅಲ್ಲಿ ಹಣ ಬದುಕಿರುವವರ ಬಾಯಿ ಮುಚ್ಚಿಸುತ್ತಿದೆ. ಲಾಸ್ ಏಂಜಲೀಸ್ ಟೈಮ್ಸ್‌ನಲ್ಲೂ ಶ್ರೀಮಂತ ಮಾಲೀಕರೇ ಹ್ಯಾರಿಸ್ ಪರ ಸಂಪಾದಕೀಯ ತಡೆದರು. ಎಬಿಸಿ ಟಿವಿ ಟ್ರಂಪ್ ಹಾಕಿದ ಮಾನಹಾನಿ ಕೇಸನ್ನು 1.5 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು. ಸಿಬಿಎಸ್ ಟಿವಿಯ ಮಾಲೀಕ ಕಂಪನಿ ಪ್ಯಾರಾಮೌಂಟ್ ಕೂಡ ಟ್ರಂಪ್ ಹಾಕಿದ ಇನ್ನೊಂದು ಕೇಸಿಗೆ 2025ರ ಜುಲೈನಲ್ಲಿ 1.6 ಕೋಟಿ ಡಾಲರ್ ಕೊಟ್ಟಿತು. ಆಗ ಅದರ ವಿಲೀನಕ್ಕೆ ಸರ್ಕಾರದ ಒಪ್ಪಿಗೆ ಬೇಕಿತ್ತು. ಅದೇ ತಿಂಗಳು ಒಪ್ಪಿಗೆ ಸಿಕ್ಕಿತು.

ಸೆನ್ಸಾರ್ ಅಧಿಕಾರಿ ಅಲ್ಲಿ ಬೇಕಾಗಿಯೇ ಇಲ್ಲ. ಮಾಲೀಕನಿಗೆ ಇನ್ನೊಂದು ದೊಡ್ಡ ವ್ಯಾಪಾರ ಇದ್ದು, ಅದಕ್ಕೆ ಸರ್ಕಾರದ ಸಹಿ ಬೇಕಾಗಿದ್ದರೆ ಸಾಕು. (ನಮ್ಮ ಚಾನೆಲ್‌ಗಳ ಮಾಲೀಕರ ಕಥೆ ಬೇರೆ ಪತ್ರಕ್ಕೆ ಇಟ್ಟುಕೊಂಡಿದ್ದೇನೆ, ಹಾಕುವ ಧೈರ್ಯ ನಿಮಗಿದ್ದರೆ.) ಇದು ಟ್ರಂಪ್ ಒಬ್ಬರಿಂದ ಬಂದದ್ದೂ ಅಲ್ಲ. ಮಾಧ್ಯಮ ಕಂಪನಿಗಳು ಬೇಕಾದಷ್ಟು ಸ್ಟೇಷನ್ ನುಂಗಲು ದಾರಿ ಮಾಡಿದ 1996ರ ಟೆಲಿಕಾಂ ಕಾಯ್ದೆಗೆ ಸಹಿ ಹಾಕಿದವರು ಬಿಲ್ ಕ್ಲಿಂಟನ್. ಅದಾದ ಮೇಲೆ ಕ್ಲಿಯರ್ ಚಾನೆಲ್ ಅನ್ನುವ ಒಂದೇ ಕಂಪನಿಯ ಕೈಗೆ 1,200 ರೇಡಿಯೊ ಸ್ಟೇಷನ್‌ಗಳು ಹೋದವು. ಊರಿನ ಸಣ್ಣ ಪತ್ರಿಕೆಗಳ ಗತಿ ಇನ್ನೂ ಕೆಟ್ಟದ್ದು. 2005ರಿಂದೀಚೆಗೆ ಅಮೆರಿಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಪತ್ರಿಕೆಗಳು ಮುಚ್ಚಿವೆ. ಫ್ಯಾಕ್ಟರಿಯಲ್ಲಿ ಕೂಲಿ ಕಡಿತ ಆದರೆ ಬರೆಯುತ್ತಿದ್ದವರು ಅವರೇ ಅಲ್ವಾ? 2025ರಲ್ಲಿ ಸಾರ್ವಜನಿಕ ರೇಡಿಯೊ, ಟಿವಿಯ 110 ಕೋಟಿ ಡಾಲರ್‌ಗೂ ಕತ್ತರಿ ಬಿತ್ತು. ಮೇಲಿನ ಶೇ 1 ಜನರ ಹತ್ತಿರ ದೇಶದ ಆಸ್ತಿಯ ಸುಮಾರು ಶೇ 30, ಕೆಳಗಿನ ಅರ್ಧ ಜನರ ಹತ್ತಿರ ಸುಮಾರು ಶೇ 2.5. ಈ ಲೆಕ್ಕವನ್ನು ದಿನಾ ಹೇಳುವ ಆಸಕ್ತಿ ಆ ಶೇ 1ರ ಪತ್ರಿಕೆಗೆ ಎಲ್ಲಿಂದ ಬರಬೇಕು?

ನನ್ನ ಕೋರಿಕೆ ದೊಡ್ಡದಲ್ಲ. ಅಮೆರಿಕದ ಪತ್ರಿಕೆಯ ಲೇಖನವನ್ನು ಕನ್ನಡಕ್ಕೆ ತರುವಾಗ ಅದರ ಮಾಲೀಕ ಯಾರು, ಅವನಿಗೆ ಬೇರೆ ಏನು ವ್ಯಾಪಾರ ಇದೆ ಅಂತ ಕೆಳಗೆ ಅರ್ಧ ಸಾಲು ಹಾಕಿ. ಇನ್ನೊಂದು. ಡಲ್ಲಾಸ್, ಹ್ಯೂಸ್ಟನ್ ಕನ್ನಡಿಗರು ನಿಮಗೆ ರಾಜ್ಯೋತ್ಸವದ ಫೋಟೊ ಕಳಿಸುತ್ತಾರಲ್ಲ, ಅವರು ಇರುವ ಟೆಕ್ಸಾಸ್‌ನಲ್ಲಿ ಖಾಸಗಿ ಕೆಲಸಗಾರರಿಗೆ ಜಾಸ್ತಿ ಕನಿಷ್ಠ ಕೂಲಿ ಗೊತ್ತು ಮಾಡಲು ನಗರಸಭೆಗಳಿಗೂ ರಾಜ್ಯದ ಕಾನೂನು ಬಿಡುವುದಿಲ್ಲ. ಅವರ ಆಫೀಸು ಗುಡಿಸುವವರು, ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲು ಹಾಕುವವರು ಎಷ್ಟಕ್ಕೆ ದುಡಿಯುತ್ತಾರೆ ಅಂತ ಕೇಳಿ ಬರೆದು ಕಳಿಸಲು ಹೇಳಿ. ಫೋಟೊ ಪಕ್ಕದಲ್ಲೇ ಹಾಕಬಹುದು.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ