ಒಂದು ಟರ್ಮಿಗೆಂದು ಬಂದವರು

ಎಲ್ಲರಿಗೂ ನಮಸ್ಕಾರ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಯೂನಿವರ್ಸಿಟಿಗಳಲ್ಲಿ ಹೊಸ ಟರ್ಮ್ ಶುರುವಾಗಿರುತ್ತದೆ. ಹೊರದೇಶದಲ್ಲಿರುವ ನಮ್ಮ ಸಂಘಕ್ಕೆ ಊರಿನಿಂದ ಫೋನ್ ಬರುವುದೂ ಶುರುವಾಗಿರುತ್ತದೆ. "ನಮ್ಮ ಮಗಳು ಎಕ್ಸ್‌ಚೇಂಜ್ ಪ್ರೋಗ್ರಾಂ ಮೇಲೆ ಅಲ್ಲಿಗೆ ಬರ್ತಿದ್ದಾಳೆ, ನಾಲ್ಕು ತಿಂಗಳು ಇರ್ತಾಳೆ, ಸ್ವಲ್ಪ ನೋಡ್ಕೊಳ್ಳಿ" ಎನ್ನುವ ಅಪ್ಪ-ಅಮ್ಮಂದಿರು. ನಮ್ಮವರೂ ಅಷ್ಟೇ, ಕೇಳಿದ್ದೇ ತಡ ಟೊಂಕ ಕಟ್ಟಿ ನಿಲ್ಲುತ್ತಾರೆ. ಒಬ್ಬರು ಶನಿವಾರ ಮನೆಗೆ ಕರೆಯುತ್ತಾರೆ, ಇನ್ನೊಬ್ಬರು ಭಾನುವಾರ. ಮುಂದಿನ ವಾರಕ್ಕೆ ಮತ್ತಿಬ್ಬರು ಆಗಲೇ ಹೇಳಿಟ್ಟಿರುತ್ತಾರೆ. ಪ್ರೀತಿಗೇನೂ ಕೊರತೆಯಿಲ್ಲ. ಆದರೂ ಈ ಸಲ ನಾನು ಹೇಳಹೊರಟಿರುವುದು ಕೆಲವರಿಗೆ ಹಿಡಿಸದಿರಬಹುದು. ಒಂದು ಟರ್ಮಿಗೆಂದು ಬಂದ ಮಕ್ಕಳನ್ನು ನಾವು ಸ್ವಲ್ಪ ಕಮ್ಮಿ ಕರೆಯೋಣ. ಮೊದಲ ಎರಡು ವಾರ ಚೆನ್ನಾಗಿ ನೋಡಿಕೊಳ್ಳೋಣ. ಆಮೇಲೆ ಅವರ ಪಾಡಿಗೆ ಬಿಡೋಣ.

ಎಕ್ಸ್‌ಚೇಂಜ್ ಅಂದರೆ ತಮ್ಮ ಯೂನಿವರ್ಸಿಟಿಯ ಡಿಗ್ರಿಯ ನಡುವೆ ಸ್ವಲ್ಪ ಕಾಲ ಬೇರೆ ದೇಶದ ಯೂನಿವರ್ಸಿಟಿಯಲ್ಲಿ ಓದಿ ಹೋಗುವುದು. ಪೂರ್ತಿ ಡಿಗ್ರಿಗೆ ಬಂದವರಿಗೂ ಒಂದು ಟರ್ಮಿಗೆ ಬಂದವರಿಗೂ ಅಜಗಜಾಂತರ. ಡಿಗ್ರಿಗೆ ಬಂದವರಿಗೆ ಮೊದಲ ಸೆಮಿಸ್ಟರ್ ಕೈ ಕೊಟ್ಟರೆ ಎರಡನೆಯದಿದೆ. ಇವರಿಗೆ ಇರುವುದೇ ಒಂದು. ಸೆಮಿಸ್ಟರ್ ಪದ್ಧತಿಯಲ್ಲಿ ಸುಮಾರು 15 ವಾರ, ಕ್ವಾರ್ಟರ್ ಪದ್ಧತಿಯಲ್ಲಿ 10 ವಾರ. ಮೊದಲ ಎರಡು ವಾರ ರೂಮಿನ ಬೀಗದ ಕೈ, ಐಡಿ ಕಾರ್ಡ್, ಸಿಮ್, ಬ್ಯಾಂಕ್ ಖಾತೆ ಅಂತ ಓಡಾಡುವುದರಲ್ಲೇ ಹೋಗುತ್ತವೆ. ಕೊನೆಗೆ ಪರೀಕ್ಷೆ ಎರಡು ವಾರ ನುಂಗುತ್ತದೆ. ನಡುವೆ ಎಷ್ಟು ಶನಿವಾರ-ಭಾನುವಾರ ಉಳಿದವು ಅಂತ ನೀವೇ ಎಣಿಸಿ. ಅಷ್ಟನ್ನೂ ನಮ್ಮ ಮನೆಗಳ ಸೋಫಾ ಮೇಲೆ ಕಳೆಯುವುದಾದರೆ ಅವರು ಇಷ್ಟು ದೂರ ಬರಬೇಕಿತ್ತಾ?

ಕಳೆದ ವರ್ಷ ಬಂದಿದ್ದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಎರಡನೇ ವಾರದ ಕ್ಲಾಸು. ಮೇಷ್ಟ್ರು ನಾಲ್ಕು ನಾಲ್ಕು ಜನ ಸೇರಿ ಪ್ರಾಜೆಕ್ಟ್ ಗುಂಪು ಮಾಡಿಕೊಳ್ಳಿ ಅಂದರಂತೆ. ಇಲ್ಲಿಯ ಹುಡುಗರು ಮೊದಲ ವರ್ಷದಿಂದ ಒಟ್ಟಿಗೆ ಓದಿದವರು. ಎರಡೇ ನಿಮಿಷದಲ್ಲಿ ಕುರ್ಚಿಗಳು ಆ ಕಡೆ ಈ ಕಡೆ ತಿರುಗಿ ಗುಂಪುಗಳಾಗಿಬಿಟ್ಟವು. ಹಿಂದಿನ ಸಾಲಿನಲ್ಲಿ ಮಿಕ್ಕವರು ಬೇರೆ ಬೇರೆ ದೇಶಗಳಿಂದ ಎಕ್ಸ್‌ಚೇಂಜಿಗೆ ಬಂದ ಐದು ಜನ. ಹೆಚ್ಚಿನ ಕಡೆ ಆಗುವುದೇ ಹೀಗೆ. ಹೀಗೆ ಮಿಕ್ಕವರೆಲ್ಲ ಸೇರಿ ಒಂದು ಗುಂಪಾಗುತ್ತಾರೆ. ಈ ಹುಡುಗಿ ಎದ್ದು ಹೋಗಿ ಮೂರೇ ಜನ ಇದ್ದ ಒಂದು ಗುಂಪಿನ ಹತ್ತಿರ ನಿಂತು, "ನಿಮಗೆ ಇನ್ನೊಬ್ಬರು ಬೇಕಲ್ವಾ?" ಅಂತ ಕೇಳಿದಳು. ಅವರಿಗೆ ಬೇಕಿತ್ತು, ಕೇಳುವವರು ಯಾರೂ ಇರಲಿಲ್ಲ, ಅಷ್ಟೇ. ಆ ಗುಂಪು ಪ್ರತಿ ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಸೇರುತ್ತಿತ್ತು. ಹಾಗಾಗಿ ಅವಳು ನಮ್ಮ ಸಂಘದ ಪಿಕ್ನಿಕ್ಕಿಗೆ ಬರಲಾಗುವುದಿಲ್ಲ ಅಂದಳು. "ಬಂದು ನಾಲ್ಕು ದಿನ ಆಗಿಲ್ಲ, ಆಗಲೇ ಜಂಭ ನೋಡಿ" ಎಂಬ ಮಾತು ನನ್ನ ಕಿವಿಗೇ ಬಿತ್ತು. ಹೇಳಿದವರು ಯಾರೆಂದು ಬರೆಯುವುದಿಲ್ಲ. ಅವರೂ ಈ ಸುದ್ದಿಪತ್ರ ಓದುತ್ತಾರೆ.

ಸುಮ್ನೆ ನನ್ನ ಅಭಿಪ್ರಾಯ ಎಂದುಕೊಳ್ಳಬೇಡಿ. ಹೊರದೇಶಕ್ಕೆ ಓದಲು ಹೋದವರ ಗೆಳೆತನ ಹೇಗಿರುತ್ತದೆ ಎಂದು ಸ್ಟೀಫನ್ ಬೋಕ್ನರ್ ಮತ್ತು ಅವರ ಜೊತೆಯವರು ಹವಾಯಿಯಲ್ಲಿ ಮಾಡಿದ ಅಧ್ಯಯನ 1977ರಲ್ಲಿ ಪ್ರಕಟವಾಯಿತು. ಅವರ ಪ್ರಕಾರ ಇಂಥ ವಿದ್ಯಾರ್ಥಿಗೆ ಮೂರು ಬಳಗ ಇರುತ್ತದೆ. ತನ್ನ ದೇಶದವರದು ಒಂದು, ಅಲ್ಲಿನ ಸ್ಥಳೀಯರದು ಒಂದು, ಬೇರೆ ದೇಶಗಳಿಂದ ಬಂದ ಇತರ ವಿದ್ಯಾರ್ಥಿಗಳದು ಇನ್ನೊಂದು. ಮನಸ್ಸಿನ ನೆಮ್ಮದಿಗೆ ತನ್ನವರು, ಓದಿನ ಕೆಲಸಕ್ಕೆ ಸ್ಥಳೀಯರು, ಸುತ್ತಾಟಕ್ಕೆ ಮೂರನೆಯ ಬಳಗ. ಎಲ್ಲಕ್ಕಿಂತ ಗಟ್ಟಿಯಾಗಿರುವುದು ತನ್ನವರ ಬಳಗವೇ. ಅಂದರೆ ನಮ್ಮ ಬಳಗಕ್ಕೂ ಒಂದು ಕೆಲಸವಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಜ್ವರ ಬಂದಾಗ, ಮನೆ ನೆನಪಾಗಿ ಅಳು ಬಂದಾಗ ನಮ್ಮ ಭಾಷೆಯಲ್ಲಿ ಮಾತಾಡುವವರೇ ಬೇಕು. ಆದರೆ ಅದು ಕರೆಯದಿದ್ದರೂ ಸಿಗುವ ಬಳಗ. ಸ್ಥಳೀಯರ ಬಳಗ ಕಷ್ಟಪಟ್ಟರೆ ಮಾತ್ರ ಸಿಗುತ್ತದೆ. ಇರುವ ನಾಲ್ಕು ತಿಂಗಳಲ್ಲಿ ಸುಲಭವಾದದ್ದಕ್ಕೇ ಎಲ್ಲ ಸಮಯ ಹೋದರೆ ಕಷ್ಟದ್ದಕ್ಕೆ ಉಳಿಯುವುದೇನು?

ಇನ್ನೊಂದು ಹಳೆಯ ಅಧ್ಯಯನವಿದೆ. ಫುಲ್‌ಬ್ರೈಟ್ ಎಂಬ ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದಲ್ಲಿದ್ದು ಬಂದ ನಾರ್ವೆಯ ವಿದ್ವಾಂಸರನ್ನು ಮಾತಾಡಿಸಿ ಸ್ವೆರ್ರೆ ಲಿಸ್‌ಗಾರ್ಡ್ ಎಂಬುವರು 1955ರಲ್ಲಿ ಬರೆದದ್ದು. ಆರು ತಿಂಗಳಿಗಿಂತ ಕಮ್ಮಿ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು, ಒಂದೂವರೆ ವರ್ಷಕ್ಕಿಂತ ಜಾಸ್ತಿ ಇದ್ದವರೂ ಹೊಂದಿಕೊಂಡಿದ್ದರು, ನಡುವಿನವರೇ ಒದ್ದಾಡಿದವರು ಎಂದು ಅವರು ಕಂಡುಕೊಂಡರು. ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದು ಆಮೇಲೆ ಬಂದವರು ತಕರಾರು ತೆಗೆದಿದ್ದಾರೆ. ಅದಿರಲಿ. ಒಂದು ಟರ್ಮಿನವರಿಗೆ ಇದರಲ್ಲೊಂದು ಕಿವಿಮಾತಿದೆ. ಎಲ್ಲ ಚಂದ ಕಾಣುವ ಹೊತ್ತಿನಲ್ಲೇ ಅವರು ಗಂಟುಮೂಟೆ ಕಟ್ಟುತ್ತಾರೆ. ಊರು ಬೇಸರವಾಗಿ, ಜಗಳವಾಡಿ, ಮತ್ತೆ ರಾಜಿಯಾಗುವಷ್ಟು ಸಮಯ ಅವರಿಗೆ ಇರುವುದಿಲ್ಲ. ಆದ್ದರಿಂದ ವಾಪಸು ಹೋಗಿ "ಆ ದೇಶ ಹೀಗೆ, ಅಲ್ಲಿನ ಜನ ಹಾಗೆ" ಎಂದು ಭಾಷಣ ಬಿಗಿಯುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಪ್ಪತ್ತು ವರ್ಷ ಇದ್ದವರಿಗೇ ಗೊತ್ತಾಗುವುದಿಲ್ಲ, ಬಿಡಿ.

ಈ ಪದ್ಧತಿ ಶುರುವಾದಾಗ ಇಷ್ಟು ಅವಸರ ಇರಲಿಲ್ಲ. ಅಮೆರಿಕದ ಡೆಲವೇರ್ ಯೂನಿವರ್ಸಿಟಿಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ರೇಮಂಡ್ ಕರ್ಕ್‌ಬ್ರೈಡ್ 1923ರಲ್ಲಿ ಎಂಟು ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಕರೆದುಕೊಂಡು ಹೋದರು. ಮೊದಲು ನಾನ್ಸಿ ಎಂಬ ಊರಿನಲ್ಲಿ ಕೂರಿಸಿ ಭಾಷೆ ಕಲಿಸಿದರು, ಆಮೇಲೆ ಪ್ಯಾರಿಸ್ಸಿನ ಸೋರ್ಬೋನ್ ಯೂನಿವರ್ಸಿಟಿಗೆ ಕಳಿಸಿದರು. ಮೂರನೇ ವರ್ಷವನ್ನು ಹೊರದೇಶದಲ್ಲಿ ಓದುವ ವ್ಯವಸ್ಥೆಗೆ ಅದೇ ನಾಂದಿ. ಭಾಷೆ ಕಲಿಯಲಿಕ್ಕೇ ಅವರಿಗೆ ಪ್ರತ್ಯೇಕ ಸಮಯ ಸಿಕ್ಕಿತ್ತು. ಈಗಿನವರು ಸೋಮವಾರ ಇಳಿದು ಬುಧವಾರ ಕ್ಲಾಸಿಗೆ ಹೋಗುತ್ತಾರೆ.

ಹಾಗಾದರೆ ನಾವು ಮಾಡಬೇಕಾದ್ದು ಏನು? ಕಾಗದಪತ್ರ. ಕೇಳಲಿಕ್ಕೆ ಸಪ್ಪೆ ಅನ್ನಿಸಬಹುದು, ಆದರೆ ಎಕ್ಸ್‌ಚೇಂಜ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಇಟಲಿಯ ಸೋಫಿಯಾ ಕೊರಾಡಿ ಅವರ ಕತೆ ಕೇಳಿ. ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ ಹೋಗಿ ಕಾನೂನಿನಲ್ಲಿ ಮಾಸ್ಟರ್ಸ್ ಮುಗಿಸಿ 1950ರ ದಶಕದ ಕೊನೆಗೆ ಅವರು ರೋಮಿಗೆ ವಾಪಸು ಬಂದರು. ಅಲ್ಲಿ ಓದಿದ್ದನ್ನು ಇಲ್ಲಿನ ಡಿಗ್ರಿಗೆ ಲೆಕ್ಕ ಹಿಡಿಯಿರಿ ಎಂದು ಕೇಳಿದರೆ ಅವರ ಯೂನಿವರ್ಸಿಟಿ ಒಪ್ಪಲೇ ಇಲ್ಲ. ಬೇರೆಯವರಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದರೇನೋ. ಇವರು ವರ್ಷಗಟ್ಟಲೆ ಬೆನ್ನು ಬಿಡದೆ ಓಡಾಡಿದರು. ಕೊನೆಗೆ 1987ರಲ್ಲಿ ಎರಾಸ್ಮಸ್ ಎಂಬ ಯುರೋಪಿನ ವಿದ್ಯಾರ್ಥಿ ಎಕ್ಸ್‌ಚೇಂಜ್ ಯೋಜನೆ ಶುರುವಾಯಿತು. ಮೊದಲ ವರ್ಷ ಹೋದವರು 11 ದೇಶಗಳ 3,244 ವಿದ್ಯಾರ್ಥಿಗಳು. ಅಲ್ಲಿಂದ ಇಲ್ಲಿಯವರೆಗೆ ಅದರ ಲಾಭ ಪಡೆದವರು ಒಂದೂವರೆ ಕೋಟಿಗೂ ಹೆಚ್ಚು. ಜನ ಕೊರಾಡಿ ಅವರನ್ನು 'ಮಮ್ಮಾ ಎರಾಸ್ಮಸ್' ಎಂದೇ ಕರೆದರು. ಒಬ್ಬ ಹುಡುಗಿಯ ಓದನ್ನು ಕಚೇರಿಯೊಂದು ತಳ್ಳಿಹಾಕಿದ್ದರಿಂದ ಇಷ್ಟೆಲ್ಲ ಆಯಿತು.

ಅದರಿಂದ ಬಂದ ಪಾಠವೇ ಈಗಿನ ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಯಾವ ಕೋರ್ಸ್ ಓದುತ್ತೀರಿ, ಅದು ನಿಮ್ಮ ಯೂನಿವರ್ಸಿಟಿಯ ಯಾವ ಕೋರ್ಸಿನ ಬದಲಿಗೆ, ಎಷ್ಟು ಕ್ರೆಡಿಟ್, ಎಲ್ಲವೂ ಅದರಲ್ಲಿ ಇರುತ್ತದೆ. ಮೂರು ಸಹಿ ಬೇಕು: ವಿದ್ಯಾರ್ಥಿಯದು, ಕಳಿಸುವ ಯೂನಿವರ್ಸಿಟಿಯದು, ಬರಮಾಡಿಕೊಳ್ಳುವವರದು. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಎಂದರೆ 30 ಇಸಿಟಿಎಸ್ ಕ್ರೆಡಿಟ್, ಅಂದರೆ ಓದಿನ ಹೊರೆ ಅಳೆಯಲು ಅಲ್ಲಿನ ದೇಶಗಳು ಬಳಸುವ ಅಂಕ. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ಓದು. ಎಕ್ಸ್‌ಚೇಂಜ್ ಅಂದರೆ ಮಜಾ ಮಾಡಲಿಕ್ಕೆ ರಜೆ ಎಂದುಕೊಂಡವರು ಆ ಗುಣಾಕಾರ ಮಾಡಿ ನೋಡಲಿ.

ಎಡವಟ್ಟು ಶುರುವಾಗುವುದು ಬಂದಿಳಿದ ಮೇಲೆ. ಒಪ್ಪಿಗೆ ಸಿಕ್ಕಿದ್ದ ಕೋರ್ಸ್ ಈ ಟರ್ಮಿನಲ್ಲಿ ಇರುವುದಿಲ್ಲ. ಇದ್ದರೂ ಎರಡು ಕೋರ್ಸುಗಳು ಮಂಗಳವಾರ ಹನ್ನೊಂದಕ್ಕೇ ಬಿದ್ದಿರುತ್ತವೆ. ವಿದ್ಯಾರ್ಥಿ ಬೇರೊಂದು ಕೋರ್ಸಿಗೆ ಸೇರಿಕೊಳ್ಳುತ್ತಾನೆ. ಆಮೇಲೆ ಹೇಳಿದರಾಯಿತು ಅಂದುಕೊಳ್ಳುತ್ತಾನೆ. ಆ "ಆಮೇಲೆ" ಬರುವುದು ಮಾರ್ಕ್ಸ್ ಕಾರ್ಡ್ ಕೈಗೆ ಬಂದ ದಿನ, ಡಿಪಾರ್ಟ್‌ಮೆಂಟಿನವರು "ಇದಕ್ಕೆ ನಾವು ಒಪ್ಪಿಗೆ ಕೊಟ್ಟಿಲ್ಲವಲ್ಲ" ಅಂದಾಗ. ಕೋರ್ಸ್ ಬದಲಾದ ದಿನವೇ ಸಿಲೆಬಸ್ ಸಮೇತ ಈಮೇಲ್ ಹೋಗಬೇಕು, ಒಪ್ಪಿಗೆ ಬರಹದಲ್ಲೇ ಬರಬೇಕು. ಫೋನಿನಲ್ಲಿ "ಆಯ್ತು, ಪರವಾಗಿಲ್ಲ" ಅಂದದ್ದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಕಚೇರಿ ಕೆಲಸ ಮಾಡಿ ಪಳಗಿದವರು ಎಷ್ಟೋ ಜನ ಇದ್ದಾರೆ. ಒಂದು ಶನಿವಾರ ಹುಡುಗನ ಪಕ್ಕ ಕೂತು ಆ ಈಮೇಲ್ ಬರೆಸಿ. ಊಟಕ್ಕೆ ಕರೆಯುವುದಕ್ಕಿಂತ ಅದು ದೊಡ್ಡ ಉಪಕಾರ.

ನಮ್ಮ ಮನೆಗಳಿಂದ ಹೊರಗೆ ಹೋಗುವ ಮಕ್ಕಳಿಗೂ ಇದೇ ಮಾತು. ಹೋಗುವ ಮುಂಚೆ ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಜರ್ಮನಿಯ ಚಳಿಗಾಲದ ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಪಾಠ ಶುರುವಾಗುವುದೇ ಅಕ್ಟೋಬರಿನಲ್ಲಿ, ಮುಗಿಯುವುದು ಫೆಬ್ರವರಿಯಲ್ಲಿ, ಪರೀಕ್ಷೆ ಆಮೇಲೆ. ನಿಮ್ಮ ಯೂನಿವರ್ಸಿಟಿಯ ಮುಂದಿನ ಸೆಮಿಸ್ಟರ್ ಜನವರಿಯಲ್ಲೇ ಶುರುವಾಗುವುದಾದರೆ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ. ಜಪಾನಿನಲ್ಲಿ ಶಿಕ್ಷಣ ವರ್ಷ ಏಪ್ರಿಲಿನಲ್ಲಿ ಶುರು, ಆಸ್ಟ್ರೇಲಿಯಾದ ಮೊದಲ ಸೆಮಿಸ್ಟರ್ ಫೆಬ್ರವರಿ ಕೊನೆಗೆ. ಆಮೇಲೆ ವೀಸಾ. ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, ಟೂರಿಗೆಂದು ಹೋಗುವವರ ಮಿತಿ 180 ದಿನಗಳಲ್ಲಿ 90 ದಿನ. ಒಂದು ಸೆಮಿಸ್ಟರ್ ಅದರಲ್ಲಿ ಹಿಡಿಸುವುದಿಲ್ಲ. ನಿಮ್ಮ ಮಕ್ಕಳ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದರ ಮೇಲೆ ನಿಯಮ ಬದಲಾಗುತ್ತದೆ. ಪಕ್ಕದ ಮನೆಯ ಹುಡುಗ ಹೇಗೆ ಹೋದ ಎಂದು ಕೇಳಿಕೊಂಡು ಕೂರಬೇಡಿ.

ಫೀಸಿನ ಬಗ್ಗೆ ಪ್ರತಿ ಸಲವೂ ಕೇಳುತ್ತಾರೆ. ಎರಡು ಯೂನಿವರ್ಸಿಟಿಗಳ ನಡುವಿನ ಒಪ್ಪಂದದಲ್ಲಿ ಹೋದರೆ ಸಾಮಾನ್ಯವಾಗಿ ಫೀಸ್ ಕಟ್ಟುವುದು ತಮ್ಮ ಯೂನಿವರ್ಸಿಟಿಗೇ. ಹೋದ ಕಡೆ ಕಟ್ಟಬೇಕಾಗಿಲ್ಲ. ಇವರು ಇಬ್ಬರನ್ನು ಕಳಿಸಿದರೆ ಅವರೂ ಇಬ್ಬರನ್ನು ಕಳಿಸಿ ತಕ್ಕಡಿ ಸಮ ಮಾಡಿಕೊಳ್ಳುತ್ತಾರೆ. ಅದಕ್ಕೇ ಸೀಟುಗಳು ಅಷ್ಟು ಕಮ್ಮಿ. ಬಾಡಿಗೆ, ಟಿಕೆಟ್, ಇನ್ಶೂರೆನ್ಸ್ ಎಲ್ಲ ನಮ್ಮದೇ. ಒಪ್ಪಂದವಿಲ್ಲದ ಕಡೆ ಸ್ವಂತವಾಗಿ ಅರ್ಜಿ ಹಾಕಿ ಹೋಗುವುದೂ ಉಂಟು. ಅದಕ್ಕೆ ಈ ರಿಯಾಯಿತಿ ಸಿಗುವುದಿಲ್ಲ.

ಅಪ್ಪ-ಅಮ್ಮಂದಿರಿಗೆ ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಡು ಟರ್ಮಿನಲ್ಲಿ "ನಾವೂ ಒಂದು ವಾರ ಬಂದು ಹೋಗ್ತೀವಿ" ಎಂದು ಟಿಕೆಟ್ ಮಾಡಿಸಬೇಡಿ. ಪರೀಕ್ಷೆ ಮುಗಿದ ಮೇಲೆ ಹೋಗಿ, ಆಗ ಊರು ತೋರಿಸಲು ಮಕ್ಕಳಿಗೂ ಹುಮ್ಮಸ್ಸಿರುತ್ತದೆ. ಪ್ರತಿ ರಾತ್ರಿ ಒಂದೊಂದು ಗಂಟೆಯ ವಿಡಿಯೋ ಕಾಲ್ ಸಹ ಬೇಡ. ನಿಮಗೆ ಸಂಜೆಯಾದ ಹೊತ್ತು ಅವರಿಗೆ ಕ್ಲಾಸಿನ ಹೊತ್ತೋ ನಿದ್ದೆಯ ಹೊತ್ತೋ ಆಗಿರುತ್ತದೆ. ಇನ್ನು ವೀಕೆಂಡಿಗೊಂದು ಊರು ಸುತ್ತುತ್ತಾರೆ ಎಂಬ ದೂರು. ಸುತ್ತಲಿ ಬಿಡಿ. ಬಸ್ಸು ತಪ್ಪಿಸಿಕೊಂಡು ಸ್ಟೇಷನ್ನಿನಲ್ಲಿ ಬೆಳಗು ಮಾಡಿದರೂ ಏನೋ ಕಲಿಯುತ್ತಾರೆ. ನಮ್ಮ ಲಿವಿಂಗ್ ರೂಮಿನಲ್ಲಿ ಕ್ರಿಕೆಟ್ ನೋಡಿಕೊಂಡು ಕೂರುವುದಕ್ಕಿಂತ ವಾಸಿ.

ಸಮಿತಿಯ ಸಭೆಯಲ್ಲಿ ಈ ಬಗ್ಗೆ ಮಾತಾಡಿದ್ದೇವೆ. ಎಲ್ಲರೂ ಒಪ್ಪಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮೂರು ಕೆಲಸಕ್ಕೆ ಯಾರದೂ ತಕರಾರಿಲ್ಲ. ರೂಮ್ ಸಿಗುವ ತನಕ ಮೊದಲ ಹತ್ತು ದಿನ ಉಳಿಯಲು ಜಾಗ ಕೊಡುವವರು ಬೇಕು. ಬಾಡಿಗೆ ಕರಾರು ಓದಿ ಹೇಳುವವರು ಬೇಕು. ಮನೆ ನೋಡದೆ, ಕರಾರು ಕೈಗೆ ಬರದೆ ಡೆಪಾಸಿಟ್ ಕಳಿಸಿ ಕೈ ಸುಟ್ಟುಕೊಳ್ಳುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಮೂರನೆಯದು ಟರ್ಮ್ ಮುಗಿಯುವಾಗಿನ ಕೆಲಸ. ರೂಮ್ ಬಿಡುವ ದಿನ ಗೋಡೆ, ಒಲೆ, ಕಿಟಕಿ ಎಲ್ಲದರ ಫೋಟೋ ತೆಗೆಸಿ. ಡೆಪಾಸಿಟ್ ವಾಪಸು ಬಂದ ಮೇಲಷ್ಟೇ ಬ್ಯಾಂಕ್ ಖಾತೆ ಮುಚ್ಚಲು ಹೇಳಿ. ಕೋರ್ಸುಗಳ ಸಿಲೆಬಸ್ಸನ್ನು ಯೂನಿವರ್ಸಿಟಿಯ ಲಾಗಿನ್ ಕೆಲಸ ಮಾಡುತ್ತಿರುವಾಗಲೇ ಇಳಿಸಿಕೊಳ್ಳಲಿ, ಹೋದ ಮೇಲೆ ಅದು ತೆರೆಯುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಯೂನಿವರ್ಸಿಟಿ ಕೊಡುವ ಅಧಿಕೃತ ಅಂಕಪಟ್ಟಿ, ಬರುವುದು ಅವರು ಹೋಗಿ ಎಷ್ಟೋ ವಾರದ ಮೇಲೆ. ಕಾಗದದ ಪ್ರತಿಯೇ ಬೇಕು ಎನ್ನುವ ಕಾಲೇಜುಗಳಿವೆ. ಅಂಥ ಕವರ್ ನಿಮ್ಮ ವಿಳಾಸಕ್ಕೆ ಬಂದರೆ ಮೇಜಿನ ಮೇಲೆ ಇಟ್ಟು ಮರೆಯಬೇಡಿ, ಅದೇ ವಾರ ಕಳಿಸಿಬಿಡಿ. ಈ ಮೂರರಲ್ಲಿ ಯಾವುದಕ್ಕೆ ನಿಮ್ಮ ಹೆಸರು ಹಾಕಿಕೊಳ್ಳಬೇಕು ಎಂದು ತಿಂಗಳ ಕೊನೆಯೊಳಗೆ ಕಾರ್ಯದರ್ಶಿಯವರಿಗೆ ತಿಳಿಸಿ. ಮೂರಕ್ಕೂ ಹಾಕಿಕೊಳ್ಳುವವರು ದಯವಿಟ್ಟು ಮನೆಯವರನ್ನು ಒಮ್ಮೆ ಕೇಳಿಕೊಂಡು ಹೇಳಿ.

— ಸಂಪಾದಕ