ಗೋಲಕ್‌ಗೆ ಹಾಕುವ ರೊಕ್ಕ, ಮೈಕಿನಲ್ಲಿ ಕೂಗುವ ಹೆಸರು

ಮಾನ್ಯ ಸಂಪಾದಕರೇ,

‘ಮೂರ್ತಿಪೂಜೆ ಒಲ್ಲದ ಸಿಖ್ಖರು ಗ್ರಂಥದ ಮುಂದೆ ದುಡ್ಡಿಟ್ಟು ಅಡ್ಡ ಬೀಳುವುದೇಕೆ? ಇದೂ ಹುಂಡಿಯೇ ಅಲ್ಲವೇ?’ ಎಂದು ವಾಚಕರ ವಿಭಾಗದಲ್ಲಿ ಓದುಗರೊಬ್ಬರು ಕೇಳಿದ್ದಾರೆ. ಬೀದರಿನವನಾಗಿ, ಇಲ್ಲಿನ ಗುರುನಾನಕ ಝೀರಾ ಗುರುದ್ವಾರದ ಲಂಗರಿನಲ್ಲಿ (ಎಲ್ಲರಿಗೂ ಉಚಿತವಾಗಿ ಬಡಿಸುವ ಪಂಕ್ತಿಯೂಟದಲ್ಲಿ) ಚಿಕ್ಕಂದಿನಿಂದ ಉಂಡವನಾಗಿ ಇದಕ್ಕೆ ಒಂದೆರಡು ಮಾತು ಹೇಳಬೇಕೆನಿಸಿತು. ಆಕ್ಷೇಪ ಇರಬೇಕಾದ್ದೇ, ಆದರೆ ಕಾಣಿಕೆ ಪೆಟ್ಟಿಗೆಯಾದ ಗೋಲಕ್‌ ಮೇಲಲ್ಲ.

ಗುರು ಗ್ರಂಥ ಸಾಹಿಬ್‌ ಎದುರು ಹಣೆ ಹಚ್ಚುವಾಗ ಮುಂದಿರುವ ಗೋಲಕ್‌ಗೆ ಕೈಲಾದಷ್ಟು ಹಾಕುವುದು ರೂಢಿ. ಹಾಕದೆ ಎದ್ದರೆ ಯಾರೂ ಕೇಳುವುದಿಲ್ಲ. ಹತ್ತು ರೂಪಾಯಿಯವನಿಗೊಂದು, ಸಾವಿರದವನಿಗೊಂದು ಎಂದು ಬೇರೆ ಬೇರೆ ಸಾಲೂ ಇಲ್ಲ. (ಇಲ್ಲಿ ಯಾರಿಗಾದರೂ ನಮ್ಮ ದೊಡ್ಡ ದೇವಸ್ಥಾನಗಳ ವಿಶೇಷ ದರ್ಶನದ ಟಿಕೆಟ್ ನೆನಪಾದರೆ ನಾನು ಹೊಣೆಯಲ್ಲ.) ಅಮೃತಸರದ ಸ್ವರ್ಣಮಂದಿರ, ಹರಿಮಂದಿರ ಸಾಹಿಬ್‌ನಲ್ಲಿ ಕಡಾ ಪ್ರಸಾದದ ವ್ಯವಸ್ಥೆ ನೋಡಿ. ತುಪ್ಪ ಜಿನುಗುವ ಗೋಧಿ ಹಿಟ್ಟಿನ ಆ ಸಿಹಿಯನ್ನು ಕೌಂಟರಿನಲ್ಲಿ ಇಷ್ಟಬಂದಷ್ಟು ಕೊಟ್ಟು ದೊನ್ನೆಯಲ್ಲಿ ತೆಗೆದುಕೊಳ್ಳಬಹುದು. ಒಯ್ದು ಅರ್ಪಿಸಿದಾಗ ಸೇವಾದಾರರು ಅರ್ಧ ತೆಗೆದು ಉಳಿದರ್ಧ ಮರಳಿಸುತ್ತಾರೆ. ತೆಗೆದದ್ದು ಎಲ್ಲರಿಗೂ ಹಂಚುವ ಪಾತ್ರೆಗೆ ಸೇರುತ್ತದೆ. ದೊನ್ನೆ ಕೊಂಡವನೂ ಬರಿಗೈಯಲ್ಲಿ ಬಂದವನೂ ಹೊರಡುವಾಗ ಬೊಗಸೆಯೊಡ್ಡಿದರೆ ಆ ಪಾತ್ರೆಯಿಂದ ಸಿಗುವುದು ಒಂದೇ ಅಳತೆ.

ಗುರುನಾನಕರು ರೊಕ್ಕವನ್ನು ಹೀಗಳೆದವರಲ್ಲ. ದುಡಿದು ಉಂಡು, ಅದರಲ್ಲೇ ಒಂದಿಷ್ಟನ್ನು ಕೈಯಾರೆ ಕೊಡುವವನೇ ದಾರಿ ಬಲ್ಲವನು ಎಂದವರು ಅವರು. ಗುರು, ಪೀರ ಎನ್ನಿಸಿಕೊಂಡು ಬೇಡಲು ಹೋಗುವವನ ಕಾಲಿಗೆ ಬೀಳಲೇಬೇಡಿ ಎಂದದ್ದೂ ಅದೇ ಶ್ಲೋಕದಲ್ಲಿ. ಕಂಡವರ ಮನೆ ದೋಚಿ ತಂದದ್ದನ್ನು ಪಿತೃಗಳಿಗೆ ಅರ್ಪಿಸಿದರೆ ಆ ಪಿತೃಗಳೂ ಕಳ್ಳರಾಗುತ್ತಾರೆ ಎಂದು ಇನ್ನೊಂದು ಕಡೆ ಚುಚ್ಚುತ್ತಾರೆ. ಕೊಟ್ಟದ್ದು ಎಷ್ಟು ಎಂಬುದಕ್ಕಿಂತ ಅದು ಬಂದದ್ದು ಎಲ್ಲಿಂದ ಎಂಬುದೇ ಅವರಿಗೆ ಮುಖ್ಯ. ಬಸವಕಲ್ಯಾಣ ಇರುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ‘ಸುರಿದು ಬಾ’ ಎಂದು ಹಿಂದಕ್ಕೆ ಅಟ್ಟಿದ ಆಯ್ದಕ್ಕಿ ಲಕ್ಕಮ್ಮನ ಕತೆ ಕೇಳಿ ಬೆಳೆದವರು ನಾವು.

ಹಾಗೆಂದು ಕಾಣಿಕೆಯ ಚರಿತ್ರೆ ಬರೀ ಚೊಕ್ಕವೇನಲ್ಲ. ದುಡಿಮೆಯ ಹತ್ತನೇ ಒಂದು ಪಾಲು, ಅಂದರೆ ದಸ್‌ವಂಧ್‌, ಸಂಗ್ರಹಿಸಲು ಗುರುಗಳ ಕಾಲದಲ್ಲಿ ಮಸಂದರೆಂಬವರಿದ್ದರು. ಬರಬರುತ್ತಾ ಅವರಲ್ಲಿ ಹಲವರು ಭಕ್ತರನ್ನು ಸುಲಿಯತೊಡಗಿದರು. 17ನೇ ಶತಮಾನದ ಕೊನೆಗೆ ಗುರು ಗೋವಿಂದ ಸಿಂಗರು ಆ ವ್ಯವಸ್ಥೆಯನ್ನೇ ಕಿತ್ತುಹಾಕಿ, ಕೊಡುವುದಿದ್ದರೆ ನೀವೇ ತಂದುಕೊಡಿ ಎಂದರು. 1699ರ ಬೈಸಾಖಿಯಂದು ಆನಂದಪುರದಲ್ಲಿ ಅವರು ಕೇಳಿದ್ದು ರೊಕ್ಕವನ್ನಲ್ಲ, ತಲೆಯನ್ನು. ಆಗ ತಲೆ ಕೊಡಲು ಎದ್ದು ಬಂದ ಐವರಲ್ಲಿ ಒಬ್ಬರು ನಮ್ಮ ಬೀದರಿನ ಕ್ಷೌರಿಕ, ಭಾಯಿ ಸಾಹಿಬ್ ಸಿಂಗ್. ಮುಂದೆ ಗುರುದ್ವಾರಗಳನ್ನು ನೋಡಿಕೊಳ್ಳುತ್ತಿದ್ದ ಮಹಂತರ ಕಾಲ ಬಂತು. ಗುರುದ್ವಾರದ ಆಸ್ತಿ, ಕಾಣಿಕೆ ಎಲ್ಲ ಮನೆಯ ಸ್ವತ್ತು ಎಂಬಂತೆ ನಡೆದುಕೊಂಡರು. ಅದನ್ನು ಬಿಡಿಸಲು 1921ರಲ್ಲಿ ಗುರುನಾನಕರ ಹುಟ್ಟೂರು ನನಕಾನಾ ಸಾಹಿಬ್‌ನಲ್ಲಿ ರಕ್ತ ಹರಿಯಿತು. 1925ರಲ್ಲಿ ಗುರುದ್ವಾರಗಳ ಕಾಯಿದೆ ಬಂತು. ಗೋಲಕ್‌ ಭಕ್ತ ಸಮೂಹವಾದ ಸಂಗತ್‌ನ ಕೈಗೆ ಬಂದದ್ದು ಇಷ್ಟು ಬೆಲೆ ತೆತ್ತು.

ಆದ್ದರಿಂದಲೇ ಈಗ ಕೆಲವು ಗುರುದ್ವಾರಗಳಲ್ಲಿ ಕಾಣುವ ಚಾಳಿ ನನಗೆ ಕಸಿವಿಸಿ. ಸಾಮೂಹಿಕ ಪ್ರಾರ್ಥನೆಯಾದ ಅರದಾಸ್‌ ನಡುವೆ ಮೈಕಿನಲ್ಲಿ ಇಂಥವರಿಂದ ಇಷ್ಟು ಸಾವಿರ ಎಂದು ಓದುತ್ತಾರೆ. ದೊಡ್ಡ ಮೊತ್ತ ಬಂದಾಗ ದನಿಯೂ ಏರುತ್ತದೆ. ಐವತ್ತು ರೂಪಾಯಿ ಕೊಟ್ಟು ಹಿಂದಿನ ಸಾಲಿನಲ್ಲಿ ಕೂತ ಮುದುಕಿಯ ಹೆಸರು ಮುಗಿಯುವ ಮೊದಲೇ ಮುಂದಿನ ಹೆಸರು ಬಂದಿರುತ್ತದೆ. ಅಖಂಡ ಪಾಠದ್ದು ಇನ್ನೊಂದು ಬಗೆ. ಇಡೀ ಗ್ರಂಥವನ್ನು ಪಾಠಿಗಳು, ಅಂದರೆ ಓದುವವರು, ಸುಮಾರು 48 ಗಂಟೆ ಸರದಿಯ ಮೇಲೆ ನಿಲ್ಲಿಸದೆ ಓದಬೇಕು. ಹಣ ಕಟ್ಟಿ ಬುಕ್ ಮಾಡಿದ ಮನೆಯವರು ಮಾತ್ರ ಸಮಾಪ್ತಿಯ ಹೊತ್ತಿಗೆ ಕಾರಿನಿಂದ ಇಳಿಯುತ್ತಾರೆ. 1945ರಲ್ಲಿ ಅಂಗೀಕಾರವಾದ ಸಿಖ್ಖರ ನಡವಳಿಕೆಯ ಸಂಹಿತೆ, ಸಿಖ್ ರೆಹತ್ ಮರ್ಯಾದಾ, ಇದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಪಾಠವನ್ನು ಮನೆಮಂದಿ, ಬಂಧುಮಿತ್ರರು ತಾವೇ ಮಾಡಬೇಕು. ಆಗದಿದ್ದರೆ ಕೂತು ಕೇಳಬೇಕು. ಪಾಠಿ ಒಬ್ಬನೇ ಓದುತ್ತಿದ್ದು ಕೇಳುವವರೇ ಇಲ್ಲ ಎಂದಾಗಬಾರದು ಎನ್ನುತ್ತದೆ ಅದು. ಬಡವನ ಬಾಯಿಯೇ ಗುರುವಿನ ಗೋಲಕ್‌ ಎಂದು ತಿಳಿ ಎನ್ನುವುದೂ ಅದೇ ರೆಹತ್.

ಗ್ರಂಥಕ್ಕೆ ಹೊದಿಸುವ ರುಮಾಲಾಗಳ ಮಾತು ಬೇರೆ ಆಡಬೇಕಿಲ್ಲ. ಹರಕೆಯ ಜರಿ ಬಟ್ಟೆ ಕಪಾಟು ತುಂಬಿ ಸುಮ್ಮನೆ ಬಿದ್ದಿರುತ್ತದೆ.

ಗೋಲಕ್‌ನ ದುಡ್ಡು ಹೋಗಬೇಕಾದ ಕಡೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಬಾಲಾ ಸಾಹಿಬ್ ಗುರುದ್ವಾರದ ಆವರಣಕ್ಕೆ ಹೋಗಿ ನೋಡಬಹುದು. 2021ರಲ್ಲಿ ಅಲ್ಲಿ ಉಚಿತ ಡಯಾಲಿಸಿಸ್ ಆಸ್ಪತ್ರೆ ಶುರುವಾಯಿತು. ಕಿಡ್ನಿ ಕಾಯಿಲೆಗೆ ಮನೆ ಮಾರಿಕೊಂಡವರನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಸಮಿತಿಗಳಲ್ಲಿರುವವರಿಗೆ ನನ್ನ ಬೇಡಿಕೆ ಇಷ್ಟೇ: ಕೊಟ್ಟವರ ಹೆಸರು ಓದುವುದನ್ನು ನಿಲ್ಲಿಸಿ. ಬದಲಿಗೆ ತಿಂಗಳಿಗೊಮ್ಮೆ ಗೋಲಕ್‌ ತೆರೆದಾಗ ಬಂದದ್ದೆಷ್ಟು, ಲಂಗರಿಗೆ ಎಷ್ಟು, ಶಾಲೆಗೆ ಎಷ್ಟು, ಔಷಧಿಗೆ ಎಷ್ಟು ಎಂದು ಚಪ್ಪಲಿ ಇಡುವ ಜೋಡಾಘರ್‌ ಪಕ್ಕದ ಗೋಡೆಗೆ ಬರೆದು ಹಾಕಿ. ಚಪ್ಪಲಿ ಬಿಡುವಾಗ ಎಲ್ಲರೂ ಓದುತ್ತಾರೆ.

ಇಂತಿ,
ನಿಮ್ಮ ಓದುಗ
ಬೀದರ್