ರಕ್ತ ಏರಿಸುವ ಕೈಗಳಿಗೆ ತರಬೇತಿ ಕೊಡುವವರು ಯಾರು?

ಮಾನ್ಯ ಸಂಪಾದಕರೇ,

ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಬಂದಾಗಲೆಲ್ಲ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಶಿಬಿರಗಳ ಸುದ್ದಿ ತುಂಬಿರುತ್ತದೆ. ಎಷ್ಟು ಯೂನಿಟ್ ಸಂಗ್ರಹವಾಯಿತು, ಯಾರು ಎಷ್ಟನೆಯ ಬಾರಿ ರಕ್ತ ಕೊಟ್ಟರು ಎಂಬುದನ್ನು ಓದಿ ನಾನೂ ಸಂತೋಷಪಡುತ್ತೇನೆ. ಆದರೆ ಆ ರಕ್ತ ಶಿಬಿರದಿಂದ ಹೊರಟು, ಪರೀಕ್ಷೆಗಳನ್ನೆಲ್ಲ ದಾಟಿ, ರೋಗಿಯ ಮಂಚದ ಬಳಿಗೆ ಬಂದ ಮೇಲೆ ಅದನ್ನು ಏರಿಸುವವರಿಗೆ ಆ ಕೆಲಸವನ್ನು ಯಾರು, ಯಾವಾಗ, ಎಷ್ಟು ಕಲಿಸಿದ್ದಾರೆ ಎಂಬ ಪ್ರಶ್ನೆಯನ್ನು ಮಾತ್ರ ಎಲ್ಲಿಯೂ ಓದಿದ ನೆನಪಿಲ್ಲ. ರಕ್ತನಿಧಿಯ ತಂತ್ರಜ್ಞನಾಗಿ 31 ವರ್ಷ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಪ್ರಶ್ನೆ ಇಂದಿಗೂ ನಿದ್ದೆ ಕೆಡಿಸುತ್ತದೆ.

ಒಂದು ರಾತ್ರಿಯ ಪ್ರಸಂಗ ಹೇಳುತ್ತೇನೆ. ಹೆರಿಗೆ ವಾರ್ಡಿನಿಂದ ಒಬ್ಬ ಬಾಣಂತಿಗೆ ರಕ್ತ ಬೇಕೆಂದು ಫಾರಂ ಮತ್ತು ಸ್ಯಾಂಪಲ್ ಬಂದವು. ಟ್ಯೂಬಿನಲ್ಲಿದ್ದ ರಕ್ತವನ್ನು ಪರೀಕ್ಷಿಸಿದರೆ ಬಿ ಪಾಸಿಟಿವ್. ಅದೇ ತಾಯಿಗೆ ಎರಡು ತಿಂಗಳ ಹಿಂದೆ ರಕ್ತಹೀನತೆಗೆಂದು ನಮ್ಮಲ್ಲಿಂದಲೇ ರಕ್ತ ಹೋಗಿತ್ತು. ಹಳೆಯ ರಿಜಿಸ್ಟರ್ ತೆಗೆದು ನೋಡಿದಾಗ ಅಲ್ಲಿ ಆಕೆಯ ಗುಂಪು ಓ ಪಾಸಿಟಿವ್ ಎಂದಿತ್ತು. ಹೊಸ ಸ್ಯಾಂಪಲ್ ತರಿಸಿದೆವು. ಅದು ಓ ಪಾಸಿಟಿವ್ ಎಂದೇ ಬಂತು. ನಡೆದದ್ದು ಇಷ್ಟು: ತರಬೇತಿಯಲ್ಲಿದ್ದ ಯುವ ವೈದ್ಯೆ, ಅಂದರೆ ಹೌಸ್ ಸರ್ಜನ್ ಒಬ್ಬರು ಪಕ್ಕಪಕ್ಕದ ಮಂಚಗಳಲ್ಲಿದ್ದ ಇಬ್ಬರ ರಕ್ತ ತೆಗೆದು, ಎರಡೂ ಟ್ಯೂಬುಗಳನ್ನು ಸಿಸ್ಟರ್‌ಗಳ ಮೇಜಿಗೆ ಒಯ್ದು, ಅಲ್ಲಿ ಕುಳಿತು ಹೆಸರು ಬರೆದಿದ್ದರು. ಹಳೆಯ ದಾಖಲೆ ಇಲ್ಲದೆ ಹೋಗಿದ್ದರೆ ನಾವು ಬಿ ರಕ್ತವನ್ನೇ ಕಳುಹಿಸುತ್ತಿದ್ದೆವು. ರೋಗಿಯ ರಕ್ತವನ್ನೂ ಬ್ಯಾಗಿನ ರಕ್ತವನ್ನೂ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಮಾಡಿದ್ದರೂ ಹೊಂದಿಕೆಯಾಗಿದೆ ಎಂದೇ ಕಾಣುತ್ತಿತ್ತು, ಏಕೆಂದರೆ ಆ ಟ್ಯೂಬಿನ ರಕ್ತಕ್ಕೂ ನಮ್ಮ ಬ್ಯಾಗಿನ ರಕ್ತಕ್ಕೂ ನಿಜವಾಗಿಯೇ ಹೊಂದಿಕೆ ಇತ್ತು. ಹೊಂದಿಕೆ ಇಲ್ಲದಿದ್ದದ್ದು ಟ್ಯೂಬಿನ ಮೇಲಿನ ಹೆಸರಿಗೆ. ರಕ್ತನಿಧಿಯೊಳಗೆ ಎಷ್ಟೇ ಒಳ್ಳೆಯ ಯಂತ್ರವಿದ್ದರೂ ವಾರ್ಡಿನಲ್ಲಾದ ಈ ತಪ್ಪನ್ನು ಅದು ಕಂಡುಹಿಡಿಯಲಾರದು. ವಿಷಯ ತಿಳಿದ ಆ ಯುವ ವೈದ್ಯೆ ಕಣ್ಣೀರು ಹಾಕುತ್ತಾ, "ಟ್ಯೂಬಿಗೆ ಹೆಸರು ಬರೆಯುವುದನ್ನು ಮಂಚದ ಪಕ್ಕದಲ್ಲೇ ಮುಗಿಸಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ ಸಾರ್" ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ನಾಲ್ಕೂವರೆ ವರ್ಷದ ಓದಿನಲ್ಲಿ ರಕ್ತಗುಂಪುಗಳ ವಿಜ್ಞಾನವನ್ನು ಅವರು ಚೆನ್ನಾಗಿ ಕಲಿತಿದ್ದರು. ಕಲಿಯದೆ ಉಳಿದದ್ದು ಕೆಲಸದ ಕ್ರಮವೊಂದೇ.

ಕಾರ್ಲ್ ಲ್ಯಾಂಡ್‌ಸ್ಟೈನರ್ ಎ, ಬಿ, ಓ ಗುಂಪುಗಳನ್ನು ಗುರುತಿಸಿ ಶತಮಾನವೇ ಕಳೆದಿದೆ. ಹೀಗಿದ್ದರೂ ಗುಂಪು ತಪ್ಪಿದ ರಕ್ತ ರೋಗಿಯ ದೇಹ ಸೇರುವುದು ಪೂರ್ತಿ ನಿಂತಿಲ್ಲ. ಬ್ರಿಟನ್ ದೇಶ 1996ರಿಂದ ರಕ್ತ ಏರಿಸುವಾಗಿನ ಅವಘಡಗಳನ್ನು ರಾಷ್ಟ್ರಮಟ್ಟದಲ್ಲಿ ದಾಖಲಿಸುತ್ತಿದೆ; ಅಲ್ಲಿನ ವರದಿಗಳಲ್ಲಿ ಬಹುಪಾಲು ಘಟನೆಗಳ ಮೂಲ ಮನುಷ್ಯರ ಕೈತಪ್ಪು ಮತ್ತು ಗಮನತಪ್ಪು ಎಂದೇ ವರ್ಷವರ್ಷವೂ ಕಂಡುಬಂದಿದೆ. ನಮ್ಮ ವಾರ್ಡುಗಳಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುವುದು ಹೊಸತೇನಲ್ಲ. ಅರೆನಿದ್ದೆಯಲ್ಲಿರುವ ಅಜ್ಜಿಯನ್ನು "ನೀವು ಲಕ್ಷ್ಮಮ್ಮ ತಾನೆ?" ಎಂದು ಕೇಳಿದರೆ "ಹೂಂ" ಎಂಬ ಉತ್ತರವೇ ಬರುತ್ತದೆ, ಆಕೆ ಲಕ್ಷ್ಮಮ್ಮ ಆಗಿರಲಿ, ಆಗದಿರಲಿ. "ನಿಮ್ಮ ಹೆಸರೇನಮ್ಮ?" ಎಂದು ಕೇಳಿ, ಆಕೆಯ ಬಾಯಿಂದಲೇ ಹೇಳಿಸಿ, ಅದನ್ನು ಒಳರೋಗಿ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಇಷ್ಟು ಸಣ್ಣ ವಿಷಯವನ್ನು ಕಲಿಸಲು ಕೋಟಿ ರೂಪಾಯಿಯ ಅನುದಾನ ಬೇಕಿಲ್ಲ. ಕಲಿಸಲೇಬೇಕು ಎಂಬ ನಿಯಮ ಬೇಕು, ಕಲಿತಿದ್ದಾರೆಯೇ ಎಂದು ಕಣ್ಣಾರೆ ನೋಡುವವರು ಬೇಕು.

ಬ್ಯಾಗು ವಾರ್ಡಿಗೆ ಬಂದ ಮೇಲಿನ ಕಥೆ ಇನ್ನೂ ಚಿಂತೆ ಹುಟ್ಟಿಸುವಂಥದ್ದು. ಕೆಂಪುಕಣಗಳ ಬ್ಯಾಗನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಫ್ರಿಜ್ಜಿನಿಂದ ಹೊರಬಂದ 30 ನಿಮಿಷದೊಳಗೆ ಏರಿಸಲು ಆರಂಭಿಸಬೇಕು, 4 ಗಂಟೆಯೊಳಗೆ ಮುಗಿಸಬೇಕು. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ನ ಬ್ಯಾಗು ಇದಕ್ಕೆ ತದ್ವಿರುದ್ಧ: ಅದು 20ರಿಂದ 24 ಡಿಗ್ರಿಯಲ್ಲಿ ಅಲುಗಾಡುತ್ತಲೇ ಇರಬೇಕು, ಫ್ರಿಜ್ಜಿಗೆ ಹೋಗಲೇಬಾರದು. ಆದರೆ ವಾರ್ಡಿನ ಫ್ರಿಜ್ಜಿನಲ್ಲಿ ಇನ್ಸುಲಿನ್ ಬಾಟಲಿಗಳ ಪಕ್ಕ ಪ್ಲೇಟ್‌ಲೆಟ್ ಬ್ಯಾಗು ಇಟ್ಟಿದ್ದನ್ನು ನಾನು ಕಂಡಿದ್ದೇನೆ. ತಣ್ಣಗಿದೆ ಎಂದು ಬ್ಯಾಗನ್ನು ಬಿಸಿನೀರಿನ ಬಕೆಟ್ಟಿಗೆ ಹಾಕಿದ್ದನ್ನೂ ಕಂಡಿದ್ದೇನೆ. ಹಾಗೆ ಮಾಡಿದರೆ ಕೆಂಪುಕಣಗಳು ಒಡೆದು, ಗುಂಪು ಸರಿಯಿದ್ದರೂ ರಕ್ತ ವಿಷವಾಗುತ್ತದೆ. ರಕ್ತದ ನಳಿಕೆಯಲ್ಲೇ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಬಿಟ್ಟರೆ ಕಣಗಳು ಹಾಳಾಗುತ್ತವೆ. ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣ ಬಿಟ್ಟರೆ ಅದರಲ್ಲಿರುವ ಕ್ಯಾಲ್ಸಿಯಂ ರಕ್ತವನ್ನು ಹೆಪ್ಪುಗಟ್ಟಿಸಬಹುದು. ನಾರ್ಮಲ್ ಸಲೈನ್ ಎಂಬ ಉಪ್ಪುನೀರಿನ ದ್ರಾವಣ ಒಂದೇ ಅದರ ಜೊತೆ ಹೋಗಬಹುದಾದದ್ದು. ಇವೆಲ್ಲ ಪುಸ್ತಕದಲ್ಲಿವೆ. ಆದರೆ ರಾತ್ರಿ ಎರಡು ಗಂಟೆಗೆ ನಲವತ್ತು ರೋಗಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ಸಿಸ್ಟರ್‌ಗೆ ಪುಸ್ತಕದ ಸಾಲು ನೆನಪಾಗುವುದಿಲ್ಲ, ಕೈಗೆ ಅಭ್ಯಾಸವಾದದ್ದು ಮಾತ್ರ ನೆನಪಾಗುತ್ತದೆ.

ಅದರಲ್ಲೂ ಮೊದಲ 15 ನಿಮಿಷ ಬಹಳ ಮುಖ್ಯ. ಗುಂಪು ತಪ್ಪಿದ ರಕ್ತ ಹೋದರೆ ಕೆಲವೇ ಮಿಲಿಲೀಟರಿನಲ್ಲಿ ಚಳಿ, ಜ್ವರ, ಸೊಂಟದಲ್ಲಿ ತಡೆಯಲಾಗದ ನೋವು, ಆತಂಕ ಶುರುವಾಗಬಹುದು. ರಕ್ತದೊತ್ತಡ ಕುಸಿಯುತ್ತದೆ, ಮೂತ್ರ ಕೆಂಪಾಗುತ್ತದೆ. ಅರಿವಳಿಕೆಯಲ್ಲಿರುವ ರೋಗಿ ಏನನ್ನೂ ಹೇಳಲಾರ. ಅಲ್ಲಿ ಕಾರಣವಿಲ್ಲದೆ ಜಿನುಗುವ ರಕ್ತ ಮತ್ತು ಮೂತ್ರದ ಬಣ್ಣವೇ ಸುಳಿವು. ಆ ಕ್ಷಣದಲ್ಲಿ ಮಾಡಬೇಕಾದದ್ದು ರಕ್ತವನ್ನು ನಿಲ್ಲಿಸುವುದು, ಹೊಸ ನಳಿಕೆಯಲ್ಲಿ ಸಲೈನ್ ಬಿಟ್ಟು ರಕ್ತನಾಳವನ್ನು ಉಳಿಸಿಕೊಳ್ಳುವುದು, ವೈದ್ಯರನ್ನು ಕರೆಯುವುದು, ಹೆಸರು ಮತ್ತು ಬ್ಯಾಗಿನ ಸಂಖ್ಯೆಯನ್ನು ಮತ್ತೆ ತಾಳೆ ನೋಡುವುದು, ಬ್ಯಾಗನ್ನು ನಳಿಕೆಸಮೇತ ಹೊಸ ಸ್ಯಾಂಪಲ್‌ನೊಂದಿಗೆ ರಕ್ತನಿಧಿಗೆ ಕಳುಹಿಸುವುದು. ನಮಗೆ ಬರುತ್ತಿದ್ದುದು ಮಾತ್ರ ಬಹಳ ಸಲ ಬರೀ ಫೋನ್ ಕರೆ: "ಪೇಷಂಟ್‌ಗೆ ಚಳಿ ಬಂತು, ಅವಿಲ್ ಕೊಟ್ಟಿದ್ದೇವೆ, ರಕ್ತ ಮುಂದುವರಿಸಬಹುದಾ?" ಅವಿಲ್ ಎಂದರೆ ಅಲರ್ಜಿಯ ಔಷಧಿ. ಬ್ಯಾಗು ಕೇಳಿದರೆ ಅದು ಆಗಲೇ ಕಸದ ಬುಟ್ಟಿ ಸೇರಿರುತ್ತಿತ್ತು.

ಯಾವಾಗ ರಕ್ತ ಕೊಡಬಾರದು ಎಂಬುದೂ ಈ ಶಿಕ್ಷಣದ ಅರ್ಧಭಾಗ. ಸ್ಥಿರವಾಗಿರುವ, ರಕ್ತಸ್ರಾವವಿಲ್ಲದ ಹೆಚ್ಚಿನ ರೋಗಿಗಳಲ್ಲಿ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿಯುವವರೆಗೆ ಕಾಯಬಹುದು ಎಂದು 1999ರಲ್ಲೇ ಕೆನಡಾದ ವೈದ್ಯರ ದೊಡ್ಡ ಅಧ್ಯಯನವೊಂದು ತೀವ್ರ ನಿಗಾ ಘಟಕದ ರೋಗಿಗಳಲ್ಲಿ ತೋರಿಸಿಕೊಟ್ಟಿತ್ತು. ಡೆಂಗಿ ಜ್ವರದಲ್ಲಿ ರಕ್ತಸ್ರಾವವಿಲ್ಲದಿದ್ದರೆ ಪ್ಲೇಟ್‌ಲೆಟ್ ಸಂಖ್ಯೆ 10,000ಕ್ಕಿಂತ ಕಡಿಮೆಯಾಗುವವರೆಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ ಎಂಬುದು ರಾಷ್ಟ್ರೀಯ ಮಾರ್ಗಸೂಚಿಯ ಮಾತು. ಆದರೆ ಪ್ರತಿ ಮಳೆಗಾಲದಲ್ಲೂ ಐವತ್ತು ಸಾವಿರ ಎಂಬ ವರದಿ ಹಿಡಿದು ರೋಗಿಯ ಮನೆಯವರು ಊರೆಲ್ಲ ಪ್ಲೇಟ್‌ಲೆಟ್ ಹುಡುಕುತ್ತಾ ಅಲೆಯುವುದನ್ನು ನೋಡಿದ್ದೇವೆ. ಅವರನ್ನು ಅಲೆಸುವುದು ಚೀಟಿ ಬರೆದ ವೈದ್ಯರ ಭಯ.

ಈ ಕೊರತೆ ಯಾರಿಗೂ ತಿಳಿದಿರಲಿಲ್ಲ ಎನ್ನುವಂತಿಲ್ಲ. 1996ರ ಜನವರಿ 4ರಂದು ಸುಪ್ರೀಂ ಕೋರ್ಟ್ ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಕೊಟ್ಟ ತೀರ್ಪು ಹಣಕ್ಕೆ ರಕ್ತ ಮಾರುವ ಪದ್ಧತಿಯನ್ನು ಎರಡು ವರ್ಷದೊಳಗೆ ಕೊನೆಗಾಣಿಸಲು ಹೇಳಿತು. ರಾಷ್ಟ್ರೀಯ ಮತ್ತು ರಾಜ್ಯ ರಕ್ತ ವರ್ಗಾವಣೆ ಪರಿಷತ್ತುಗಳು ಹುಟ್ಟಿದ್ದು ಆ ತೀರ್ಪಿನಿಂದಲೇ. ರಕ್ತನಿಧಿ ಸಿಬ್ಬಂದಿಗೆ ತರಬೇತಿ ನೀಡುವ ಹೊಣೆಯನ್ನೂ, ಈ ಶಾಖೆಯಲ್ಲಿ ವಿಶೇಷ ಸ್ನಾತಕೋತ್ತರ ಕೋರ್ಸುಗಳನ್ನು ಆರಂಭಿಸುವ ಮಾತನ್ನೂ ಅದೇ ತೀರ್ಪು ಎತ್ತಿತ್ತು. ಕೋರ್ಸುಗಳು ಬಂದವು, ರಕ್ತನಿಧಿಗಳೊಳಗಿನ ಗುಣಮಟ್ಟ ನನ್ನ ಕಣ್ಣೆದುರೇ ಬಹಳ ಸುಧಾರಿಸಿತು. ಆದರೆ ಆ ಸುಧಾರಣೆ ರಕ್ತನಿಧಿಯಿಂದ ಬ್ಯಾಗು ಹೊರಗೆ ಕೊಡುವ ನಮ್ಮ ಕಿಟಕಿಯ ಬಳಿಯೇ ನಿಂತುಬಿಟ್ಟಿತು. ಕಿಟಕಿಯ ಆಚೆ, ಸ್ಯಾಂಪಲ್ ತೆಗೆಯುವ ಹೌಸ್ ಸರ್ಜನ್, ಬ್ಯಾಗು ಏರಿಸುವ ಶುಶ್ರೂಷಾಧಿಕಾರಿ, ಬ್ಯಾಗನ್ನು ಹೊತ್ತು ತರುವ ಅಟೆಂಡರ್ ಇವರ ತರಬೇತಿಗೆ ಹೊಣೆಗಾರರು ಯಾರೆಂಬುದು ಬಹಳಷ್ಟು ಆಸ್ಪತ್ರೆಗಳಲ್ಲಿ ಇತ್ಯರ್ಥವಾಗಿಲ್ಲ.

2012ರ ಡಿಸೆಂಬರ್‌ನಲ್ಲಿ ಭಾರತದ ಹಿಮೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಯಿತು. ರಕ್ತ ಏರಿಸುವಾಗ ಆಗುವ ರಿಯಾಕ್ಷನ್‌ಗಳನ್ನು ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆಗೆ ವರದಿ ಮಾಡಿ, ಅವುಗಳಿಂದ ಪಾಠ ಕಲಿಯುವುದು ಇದರ ಉದ್ದೇಶ. ಕಾರ್ಯಕ್ರಮ ಒಳ್ಳೆಯದು. ಆದರೆ ತಪ್ಪನ್ನು ತಾನಾಗಿ ಹೇಳಿಕೊಂಡ ಸಿಸ್ಟರ್‌ಗೆ ಮರುದಿನ ಮೆಮೊ ಸಿಗುವ ಕಡೆ ವರದಿ ಬರೆಯುವವರು ಯಾರು? ನಾನು ಹೇಳಿದ ಆ ಯುವ ವೈದ್ಯೆಗೂ ನೋಟಿಸ್ ಕೊಟ್ಟರು, ವಿಚಾರಣೆ ಮುಗಿಯಿತು, ಆದರೆ ವಾರ್ಡಿನಲ್ಲಿ ಮುಂದಿನ ತಂಡದ ಹೌಸ್ ಸರ್ಜನ್‌ಗಳಿಗೆ ಆ ಘಟನೆಯ ಬಗ್ಗೆ ಒಂದು ಗಂಟೆಯ ಪಾಠವೂ ನಡೆಯಲಿಲ್ಲ. ಇದು ನನಗೆ ಆ ತಪ್ಪಿಗಿಂತಲೂ ದೊಡ್ಡ ತಪ್ಪಾಗಿ ಕಂಡಿತು.

ಆದ್ದರಿಂದ ಆರೋಗ್ಯ ಇಲಾಖೆ, ವೈದ್ಯಕೀಯ ಶಿಕ್ಷಣ ಇಲಾಖೆ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವರಲ್ಲಿ ನನ್ನ ವಿನಂತಿ ಇದು. ಸ್ಯಾಂಪಲ್ ತೆಗೆಯುವ ಮತ್ತು ರಕ್ತ ಏರಿಸುವ ಕೆಲಸವನ್ನು, ಅದನ್ನು ಮಾಡಿ ತೋರಿಸಿ ಅನುಮತಿ ಪಡೆದವರಷ್ಟೇ ಮಾಡುವಂತಾಗಬೇಕು. ಸಭಾಂಗಣದಲ್ಲಿ ಕೂರಿಸಿ ಚಿತ್ರ ತೋರಿಸಿ ಪ್ರಮಾಣಪತ್ರ ಹಂಚುವ ತರಬೇತಿಯಿಂದ ಏನೂ ಆಗದು. ಒಂದು ಮಂಚ, ಒಂದು ಖಾಲಿ ಬ್ಯಾಗು, ಬೇಕೆಂದೇ ತಪ್ಪು ಹೆಸರು ಬರೆದ ಒಂದು ಚೀಟಿ ಇಟ್ಟು, ಆ ತಪ್ಪನ್ನು ಹಿಡಿಯುತ್ತಾರೆಯೇ ಎಂದು ನೋಡಬೇಕು. ಹೌಸ್ ಸರ್ಜನ್‌ಗಳಿಗೆ ಮೊದಲ ವಾರದಲ್ಲೇ ರಕ್ತನಿಧಿಯಲ್ಲಿ ಎರಡು ದಿನದ ಕೆಲಸ ಕಡ್ಡಾಯವಾಗಲಿ. ಮೊದಲ ಬಾರಿ ರಕ್ತ ಬೇಕಾದ ರೋಗಿಗೆ, ತುರ್ತು ಇಲ್ಲದಿದ್ದರೆ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಸ್ಯಾಂಪಲ್‌ಗಳ ಗುಂಪು ತಾಳೆಯಾದ ಮೇಲೆಯೇ ರಕ್ತ ಕೊಡುವ ಕ್ರಮ ಬರಲಿ. ತಾಲ್ಲೂಕು ಆಸ್ಪತ್ರೆಗಳ ರಕ್ತ ಶೇಖರಣಾ ಘಟಕಗಳನ್ನು ಮಾತ್ರ ದಯವಿಟ್ಟು ಮೊದಲು ಎತ್ತಿಕೊಳ್ಳಬೇಕು. ಹೆರಿಗೆಯ ನಂತರ ರಕ್ತಸ್ರಾವವಾಗುತ್ತಿರುವ ತಾಯಿಗೆ ಅಲ್ಲಿರುವ ಒಂದೆರಡು ಬ್ಯಾಗುಗಳೇ ಆಸರೆ. ಅಲ್ಲಿ ರಜೆಯ ಮೇಲೆ ಹೋದ ತಂತ್ರಜ್ಞನ ಬದಲಿಗೆ ಬರುವವರಿಗೆ ಕ್ರಾಸ್‌ಮ್ಯಾಚ್ ಮಾಡಿ ಅಭ್ಯಾಸವಿರುವುದೇ ಅಪರೂಪ.

ಕಲಿಸುವವರು ಎಲ್ಲಿದ್ದಾರೆ ಎಂದು ಅಧಿಕಾರಿಗಳು ಕೇಳಬಹುದು. ನಿವೃತ್ತರಾದ ತಂತ್ರಜ್ಞರು, ಶುಶ್ರೂಷಾಧಿಕಾರಿಗಳು, ರಕ್ತನಿಧಿ ವೈದ್ಯರು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ಪ್ರಯಾಣದ ಖರ್ಚನ್ನೂ ಕೇಳದೆ ನನ್ನ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ, ರಾತ್ರಿ ಪಾಳಿಯ ಸಿಬ್ಬಂದಿಗೆ ಅನುಕೂಲವಾದ ಹೊತ್ತಿನಲ್ಲಿ ಹೋಗಿ ಕಲಿಸಲು ನಾನು ಸಿದ್ಧನಿದ್ದೇನೆ. ಇದಕ್ಕೆ ಬೇಕಾಗಿರುವುದು ಇಲಾಖೆಯ ಒಂದು ಆದೇಶಪತ್ರ.

ತಮ್ಮ ವಿಶ್ವಾಸಿ,
ನಿವೃತ್ತ ರಕ್ತನಿಧಿ ತಂತ್ರಜ್ಞ
ಮೈಸೂರು